ಬ್ಯಾಕಪ್ ಸರ್ವರಿನ ಸ್ಥಾನಾಂತರ: ಮೇನ್‌ಫ್ರೇಮ್ ಕಾರ್ಯಾಚರಣ ವ್ಯವಸ್ಥೆಗಳ ಇತಿಹಾಸದಲ್ಲಿ ಒಂದು ಅಧ್ಯಾಯ

೧

ಇತಿಹಾಸದ ಅಭ್ಯಾಸಿಗಳಿಗೆ ಆಧಾರಗಳ ಪ್ರಶ್ನೆಯೇ ಮೊದಲನೆಯ ಪ್ರಶ್ನೆ. ಒಂದು ಕಾಲದ ಬರಹ ಉಳಿದುಬಂದಿದೆಯೇ, ಉಳಿದಿದ್ದರೆ ಅದು ಯಾರ ಕೈಯಿಂದ ಯಾರ ಕೈಗೆ ದಾಟಿ ಬಂದಿತು, ದಾಟುವಾಗ ಅದಕ್ಕೆ ಏನು ಸೇರಿತು, ಅದರಿಂದ ಏನು ಬಿಟ್ಟುಹೋಯಿತು ಎಂಬುದನ್ನು ನಿರ್ಧರಿಸಿಕೊಳ್ಳದೆ ಮುಂದಿನ ಯಾವ ವಿವೇಚನೆಗೂ ನೆಲೆ ದೊರೆಯುವುದಿಲ್ಲ. ಓಲೆಯ ಪ್ರತಿಗಳ ವಿಷಯದಲ್ಲಿ ನಮ್ಮ ವಿದ್ವಾಂಸರು ಈ ಪ್ರಶ್ನೆಗಳನ್ನು ಬಹುಕಾಲದಿಂದ ಕೇಳುತ್ತ ಬಂದಿದ್ದಾರೆ. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಂಪ್ಯೂಟರುಗಳಲ್ಲಿಯೇ ಹುಟ್ಟಿ ಕಂಪ್ಯೂಟರುಗಳಲ್ಲಿಯೇ ಉಳಿದ ದಾಖಲೆಗಳ ವಿಷಯದಲ್ಲಿ ಈ ಅಭ್ಯಾಸ ಇನ್ನೂ ಬೇರೂರಿದಂತೆ ಕಾಣುವುದಿಲ್ಲ. ಕಂಪ್ಯೂಟರಿನಲ್ಲಿ ನಕಲು ಮಾಡಿದ್ದು ಮೂಲಕ್ಕೆ ಎಲ್ಲ ವಿಧದಲ್ಲೂ ಸಮಾನ, ಆದುದರಿಂದ ಅಲ್ಲಿ ಪಾಠಾಂತರದ ಪ್ರಶ್ನೆಯೇ ಏಳುವುದಿಲ್ಲ ಎಂಬ ನಂಬಿಕೆ ಇದಕ್ಕೆ ಕಾರಣ.

ಈ ನಂಬಿಕೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಒಂದು ನಿರ್ದಿಷ್ಟ ಉದಾಹರಣೆಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ. ನಾವು ಆರಿಸಿಕೊಂಡಿರುವುದು ಐಬಿಎಂ ಸಂಸ್ಥೆಯ ಮೇನ್‌ಫ್ರೇಮ್ ಯಂತ್ರಗಳ ಮೇಲೆ ನಡೆಯುತ್ತಿದ್ದ ಬ್ಯಾಕಪ್ ಸರ್ವರನ್ನು. ಅನೇಕ ಯಂತ್ರಗಳ ಕಡತಗಳ ಪ್ರತಿಗಳನ್ನು ಒಂದೆಡೆ ತರಿಸಿಕೊಂಡು, ಟೇಪುಗಳ ಮೇಲೆ ಇರಿಸಿ, ಕೇಳಿದಾಗ ಹಿಂದಿರುಗಿಸುವ ವ್ಯವಸ್ಥೆಗೆ ಬ್ಯಾಕಪ್ ಸರ್ವರ್ ಎಂದು ಹೆಸರು. ಇಂತಹ ಸರ್ವರನ್ನು ಒಂದು ಕಾರ್ಯಾಚರಣ ವ್ಯವಸ್ಥೆಯಿಂದ ಮತ್ತೊಂದಕ್ಕೆ ಸಾಗಿಸಬೇಕಾಗಿ ಬಂದಾಗ ಏನಾಯಿತು, ಯಾವುದು ಉಳಿಯಿತು, ಯಾವುದು ಉಳಿಯಲಿಲ್ಲ ಎಂಬುದೇ ನಮ್ಮ ಪ್ರಶ್ನೆ. ಮೇಲುನೋಟಕ್ಕೆ ಇದು ಯಂತ್ರಶಾಸ್ತ್ರದ ವಿಷಯವಾಗಿ ತೋರಿದರೂ ಇದರ ತಿರುಳು ಆಧಾರಗಳ ರಕ್ಷಣೆಗೆ ಸಂಬಂಧಿಸಿದ್ದೆಂಬುದು ಮುಂದೆ ವಾಚಕರಿಗೆ ವಿಶದವಾಗುವುದು.

೨

ಮೊದಲು ಈ ಕಾರ್ಯಾಚರಣ ವ್ಯವಸ್ಥೆಗಳು ಒಂದಕ್ಕಿಂತ ಹೆಚ್ಚಾದುದು ಹೇಗೆ ಎಂಬುದನ್ನು ನೋಡಬೇಕು. ೧೯೬೪ರ ಏಪ್ರಿಲ್ ೭ರಂದು ಐಬಿಎಂ ತನ್ನ ಸಿಸ್ಟಂ/೩೬೦ ಎಂಬ ಯಂತ್ರಸಮುದಾಯವನ್ನು ಘೋಷಿಸಿತು. ಅದುವರೆಗೆ ಸಣ್ಣ ಯಂತ್ರಕ್ಕೆ ಬರೆದ ಕ್ರಮವಿಧಿ ದೊಡ್ಡ ಯಂತ್ರದಲ್ಲಿ ನಡೆಯುತ್ತಿರಲಿಲ್ಲ; ಯಂತ್ರ ಬದಲಾದರೆ ಎಲ್ಲವನ್ನೂ ಹೊಸದಾಗಿ ಬರೆಯಬೇಕಾಗುತ್ತಿತ್ತು. ಸಣ್ಣದರಿಂದ ದೊಡ್ಡದರವರೆಗೆ ಎಲ್ಲ ಯಂತ್ರಗಳಿಗೂ ಒಂದೇ ಆಜ್ಞಾಸಮೂಹವಿರತಕ್ಕದ್ದು ಎಂಬುದು ಹೊಸ ಸಮುದಾಯದ ಪ್ರತಿಜ್ಞೆ. ಯಂತ್ರದ ಮಟ್ಟಿಗೆ ಈ ಪ್ರತಿಜ್ಞೆ ನೆರವೇರಿತು. ಅಂದು ಬರೆದ ಅನೇಕ ಕ್ರಮವಿಧಿಗಳು ದಶಕಗಳು ಕಳೆದ ಮೇಲೆಯೂ ಅದೇ ವಂಶದ ಯಂತ್ರಗಳಲ್ಲಿ ನಡೆಯಬಲ್ಲವಾಗಿದ್ದುವು.

ಆದರೆ ಯಂತ್ರ ಒಂದಾದರೂ ಅದನ್ನು ಆಳುವ ಕಾರ್ಯಾಚರಣ ವ್ಯವಸ್ಥೆ ಒಂದಾಗಲಿಲ್ಲ. ಎಲ್ಲ ಯಂತ್ರಗಳಿಗೂ ಸಲ್ಲಬೇಕೆಂದು ಯೋಜಿಸಿದ್ದ ಓಎಸ್/೩೬೦ ನಿರೀಕ್ಷಿಸಿದ ಕಾಲಕ್ಕೆ ಸಿದ್ಧವಾಗಲಿಲ್ಲ; ಆ ಕಾರ್ಯದ ಹೊಣೆ ಹೊತ್ತಿದ್ದ ಫ್ರೆಡರಿಕ್ ಬ್ರೂಕ್ಸ್ ಅವರು ಆ ಅನುಭವದ ಪಾಠಗಳನ್ನು ೧೯೭೫ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ನಿರೂಪಿಸಿದ್ದಾರೆ. ಸಣ್ಣ ಯಂತ್ರಗಳ ನೆನಪಿನ ಶಕ್ತಿಗೆ ಓಎಸ್/೩೬೦ ಭಾರವಾಗಿದ್ದುದರಿಂದ ೧೯೬೬ರಲ್ಲಿ ಡಾಸ್/೩೬೦ ಎಂಬ ಬೇರೊಂದು ವ್ಯವಸ್ಥೆ ಬಂದಿತು. ತಾತ್ಕಾಲಿಕವೆಂದು ಬಂದದ್ದು ಸ್ಥಿರವಾಗಿ ನಿಂತು ತನ್ನದೇ ಸಂತತಿಯನ್ನು ಬೆಳೆಸಿತು.

ಮೂರನೆಯ ಕವಲು ಮಸಾಚುಸೆಟ್ಸ್‌ನ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ವೈಜ್ಞಾನಿಕ ಕೇಂದ್ರದಲ್ಲಿ ಹುಟ್ಟಿತು. ರಾಬರ್ಟ್ ಕ್ರೀಸಿ ಮೊದಲಾದವರು ಅಲ್ಲಿ ನಿರ್ಮಿಸಿದ ಸಿಪಿ-೪೦ ಮತ್ತು ಅದರ ಮುಂದಿನ ಸಿಪಿ-೬೭ ಎಂಬ ವ್ಯವಸ್ಥೆಗಳು ಒಂದೇ ಯಂತ್ರವನ್ನು ಅನೇಕ ಕಲ್ಪಿತ ಯಂತ್ರಗಳಾಗಿ ವಿಂಗಡಿಸಿ, ಪ್ರತಿಯೊಬ್ಬ ಬಳಕೆದಾರನಿಗೂ ಇಡೀ ಯಂತ್ರವೇ ತನ್ನದೆಂಬ ಭಾವನೆಯನ್ನು ಕೊಡುತ್ತಿದ್ದುವು. ಈ ಕಲ್ಪಿತ ಯಂತ್ರದಲ್ಲಿ ಬಳಕೆದಾರನೊಡನೆ ಸಂವಾದ ನಡೆಸುವ ಸಣ್ಣ ವ್ಯವಸ್ಥೆಗೆ ಸಿಎಂಎಸ್ ಎಂದು ಹೆಸರು. ೧೯೭೨ರ ಆಗಸ್ಟ್ ೨ರಂದು ಐಬಿಎಂ ಇದನ್ನೇ ವಿಎಂ/೩೭೦ ಎಂಬ ಹೆಸರಿನಿಂದ ಘೋಷಿಸಿತು. ಇತ್ತ ಓಎಸ್/೩೬೦ರ ಸಂತತಿಯಲ್ಲಿ ೧೯೭೪ರಲ್ಲಿ ಎಂವಿಎಸ್ ಬಂದಿತು. ಮುಂದೆ ಎಂವಿಎಸ್ ಓಎಸ್/೩೯೦ ಆಗಿ, ೨೦೦೦ದಲ್ಲಿ ಘೋಷಿತವಾದ ಝೆಡ್/ಓಎಸ್ ಆಗಿ ಮುಂದುವರಿಯಿತು. ವಿಎಂ ಅದೇ ಕಾಲದಲ್ಲಿ ಝೆಡ್/ವಿಎಂ ಆಯಿತು.

ಈ ಎರಡು ಕವಲುಗಳ ಸ್ವಭಾವ ಬೇರೆಬೇರೆ. ಎಂವಿಎಸ್ ದೊಡ್ಡ ಕಚೇರಿಯಂತೆ: ಪ್ರತಿ ಕಾರ್ಯಕ್ಕೂ ಮುಂಚಿತವಾಗಿ ವಿವರವಾದ ಅರ್ಜಿ ಸಲ್ಲಬೇಕು, ಪ್ರತಿ ಕಡತಕ್ಕೂ ಕೇಂದ್ರಸೂಚಿಯಲ್ಲಿ ನಮೂದಾಗಬೇಕು. ಬ್ಯಾಂಕು, ವಿಮಾ ಸಂಸ್ಥೆ, ಸರಕಾರಿ ಲೆಕ್ಕಪತ್ರಗಳಿಗೆ ಇದು ಒಗ್ಗಿತು. ವಿಎಂ ಹಲವು ಸ್ವತಂತ್ರ ಕೋಣೆಗಳುಳ್ಳ ವಿದ್ಯಾರ್ಥಿನಿಲಯದಂತೆ: ಒಳಗಿರುವವನು ತನ್ನ ಕೋಣೆಯಲ್ಲಿ ತನಗೆ ತೋರಿದಂತೆ ನಡೆದುಕೊಳ್ಳಬಹುದು. ವಿಶ್ವವಿದ್ಯಾಲಯಗಳಿಗೂ ಸಂಶೋಧನಾಲಯಗಳಿಗೂ ಇದು ಪ್ರಿಯವಾಯಿತು. ೧೯೮೧ರಲ್ಲಿ ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯಕ್ಕೂ ಯೇಲ್ ವಿಶ್ವವಿದ್ಯಾಲಯಕ್ಕೂ ನಡುವೆ ಮೊದಲಾದ ಬಿಟ್‌ನೆಟ್ ಎಂಬ ಜಾಲವು ವಿಎಂ ವ್ಯವಸ್ಥೆಯ ಸಂದೇಶಸಾಗಣೆಯ ಸೌಕರ್ಯವನ್ನೇ ಆಧರಿಸಿ ಬೆಳೆಯಿತೆಂಬುದನ್ನು ಇಲ್ಲಿ ಸ್ಮರಿಸಬಹುದು.

೩

ನಾವು ವಿಚಾರಿಸಹೊರಟಿರುವ ಬ್ಯಾಕಪ್ ಸರ್ವರ್ ಹುಟ್ಟಿದ್ದು ವಿಎಂ ಕವಲಿನಲ್ಲಿ. ಕ್ಯಾಲಿಫೋರ್ನಿಯದ ಆಲ್ಮಡೆನ್‌ನಲ್ಲಿರುವ ಐಬಿಎಂ ಸಂಶೋಧನಾ ಕೇಂದ್ರದಲ್ಲಿ ೧೯೮೮ರ ಸುಮಾರಿನಲ್ಲಿ ಸಿಎಂಎಸ್ ಬಳಕೆದಾರರ ಕಡತಗಳನ್ನು ಕಾಪಾಡುವುದಕ್ಕಾಗಿ ಒಂದು ಯೋಜನೆ ನಡೆಯಿತು. ಅದರಿಂದ ಹೊರಬಂದ ಮೊದಲ ಉತ್ಪನ್ನಕ್ಕೆ ಕಾರ್ಯಕೇಂದ್ರಗಳ ದತ್ತಾಂಶವನ್ನು ಕಾಯ್ದಿರಿಸುವ ಸೌಕರ್ಯ ಎಂಬ ಅರ್ಥದ ಹೆಸರನ್ನಿಟ್ಟು, ಡಬ್ಲ್ಯುಡಿಎಸ್‌ಎಫ್ ಎಂದು ಸಂಕ್ಷೇಪಿಸಿದರು. ಮೇಜಿನ ಮೇಲಿನ ಸಣ್ಣ ಯಂತ್ರಗಳ ಕಡತಗಳನ್ನು ವಿಎಂ ಮೇನ್‌ಫ್ರೇಮಿನಲ್ಲಿ ಕಾಪಾಡುವುದು ಅದರ ಕೆಲಸ. ಅನಂತರ ಎಂವಿಎಸ್ ಮೇಲೂ ಅದನ್ನು ನಡೆಸುವ ಏರ್ಪಾಡಾಯಿತು. ೧೯೯೩ರಲ್ಲಿ ಅದೇ ಬೆಳೆದು ಎಡಿಎಸ್‌ಎಂ ಎಂಬ ಹೆಸರಿನಿಂದ ಬಂದಿತು. ೧೯೯೯ರಲ್ಲಿ ಟಿವೊಲಿ ಸ್ಟೋರೇಜ್ ಮ್ಯಾನೇಜರ್ ಎಂದೂ, ೨೦೧೫ರಲ್ಲಿ ಸ್ಪೆಕ್ಟ್ರಂ ಪ್ರೊಟೆಕ್ಟ್ ಎಂದೂ, ೨೦೨೩ರಲ್ಲಿ ಸ್ಟೋರೇಜ್ ಪ್ರೊಟೆಕ್ಟ್ ಎಂದೂ ಅದರ ಹೆಸರು ಬದಲಾಯಿತು.

ಈ ಸರ್ವರಿನ ರಚನೆಯನ್ನು ಸ್ಥೂಲವಾಗಿ ತಿಳಿದುಕೊಳ್ಳುವುದು ಅವಶ್ಯ. ಅದರಲ್ಲಿ ಮುಖ್ಯವಾಗಿ ಎರಡು ಅಂಗಗಳಿವೆ. ಒಂದು ಕಣಜ, ಎಂದರೆ ಕಡತಗಳ ಪ್ರತಿಗಳನ್ನು ತುಂಬಿಡುವ ಡಿಸ್ಕು ಮತ್ತು ಟೇಪುಗಳ ಸಮೂಹ. ಇನ್ನೊಂದು ಖಾತೆ, ಎಂದರೆ ಯಾವ ಯಂತ್ರದ ಯಾವ ಕಡತದ ಎಷ್ಟನೆಯ ಆವೃತ್ತಿ ಎಂದು ಬಂದಿತು, ಯಾವ ಟೇಪಿನ ಯಾವ ಸ್ಥಳದಲ್ಲಿದೆ, ಎಷ್ಟು ದಿನ ಉಳಿಸಬೇಕು ಎಂಬುದನ್ನೆಲ್ಲ ಬರೆದಿಟ್ಟುಕೊಳ್ಳುವ ದತ್ತಸಂಚಯ.

ಹಳೆಯ ಪದ್ಧತಿಯ ಬ್ಯಾಕಪ್‌ಗಳಲ್ಲಿ ವಾರಕ್ಕೊಮ್ಮೆ ಎಲ್ಲವನ್ನೂ ಟೇಪಿಗೆ ಇಳಿಸಿ, ನಡುವಣ ದಿನಗಳಲ್ಲಿ ಬದಲಾದುದನ್ನು ಮಾತ್ರ ಇಳಿಸುವ ರೂಢಿಯಿತ್ತು. ಈ ಸರ್ವರಿನಲ್ಲಿ ಹಾಗಲ್ಲ. ಮೊದಲ ಸಲ ಮಾತ್ರ ಎಲ್ಲ ಕಡತಗಳೂ ಬರುತ್ತವೆ. ಆಮೇಲೆ ಎಂದೆಂದಿಗೂ ಬದಲಾದ ಕಡತಗಳು ಮಾತ್ರ. ಇದರಿಂದ ಜಾಲದ ಮೇಲಿನ ಹೊರೆಯೂ ಟೇಪಿನ ವೆಚ್ಚವೂ ತಗ್ಗಿದುವೆಂಬುದು ನಿಜ. ಆದರೆ ಇದರ ಪರಿಣಾಮವಾಗಿ ಒಂದು ಯಂತ್ರದ ಒಂದು ದಿನದ ಸ್ಥಿತಿ ಯಾವ ಒಂದು ಟೇಪಿನಲ್ಲಿಯೂ ಇಡಿಯಾಗಿ ದೊರೆಯುವುದಿಲ್ಲ. ಅದು ಹತ್ತಾರು ಟೇಪುಗಳಲ್ಲಿ ಚೆದುರಿ, ಖಾತೆಯ ಬಲದಿಂದ ಮಾತ್ರ ಒಂದುಗೂಡುತ್ತದೆ. ಖಾತೆ ನಷ್ಟವಾದರೆ ಕಣಜ ತುಂಬಿದ್ದರೂ ಬರಿದಾದಂತೆಯೇ. ದಾರ ಕಿತ್ತು ಗರಿಗಳೆಲ್ಲ ಬೆರೆತುಹೋದ ನೂರು ಓಲೆಕಟ್ಟುಗಳನ್ನು ಕಂಡವರಿಗೆ ಈ ಸ್ಥಿತಿಯನ್ನು ಬೇರೆ ವಿವರಿಸಬೇಕಾಗಿಲ್ಲ.

೪

ಇನ್ನು ಮುಖ್ಯ ಸಮಸ್ಯೆಗೆ ಬರೋಣ. ವಿಎಂ ಮೇಲೆ ಸರ್ವರನ್ನು ನಡೆಸುತ್ತಿದ್ದ ಸಂಸ್ಥೆಗಳಲ್ಲಿ ಕೆಲವು ಎರಡು ವ್ಯವಸ್ಥೆಗಳನ್ನು ನಡೆಸುವ ಖರ್ಚನ್ನೂ ಪರಿಣತರ ಅಭಾವವನ್ನೂ ಎಣಿಸಿ ಎಂವಿಎಸ್ ಒಂದನ್ನೇ ಉಳಿಸಿಕೊಳ್ಳಲು ನಿರ್ಧರಿಸಿದಾಗ, ಬ್ಯಾಕಪ್ ಸರ್ವರೂ ಅತ್ತ ಹೋಗಬೇಕಾಯಿತು. ಮೇಲುನೋಟಕ್ಕೆ ಇದರಷ್ಟು ಸುಲಭವಾದುದು ಬೇರೊಂದಿಲ್ಲ. ಯಂತ್ರ ಅದೇ. ಆಜ್ಞಾಸಮೂಹ ಅದೇ. ಅಕ್ಷರಗಳನ್ನು ಸಂಖ್ಯೆಗಳಾಗಿ ಬರೆಯುವ ಸಂಕೇತಪದ್ಧತಿ ಎರಡರಲ್ಲಿಯೂ ಎಬ್ಸಿಡಿಕ್ ಎಂಬ ಒಂದೇ. ಟೇಪೂ ಅದೇ, ಟೇಪನ್ನು ಓದುವ ಯಂತ್ರವೂ ಅದೇ. ಅಷ್ಟೇ ಅಲ್ಲ, ವಿಎಂ ವ್ಯವಸ್ಥೆಯ ಒಂದು ಕಲ್ಪಿತ ಯಂತ್ರದೊಳಗೆ ಎಂವಿಎಸ್ಸನ್ನೇ ಅತಿಥಿಯಾಗಿ ನಡೆಸುವುದು ಸಾಧ್ಯವಿದ್ದುದರಿಂದ ಎರಡು ವ್ಯವಸ್ಥೆಗಳೂ ಏಕಕಾಲದಲ್ಲಿ ಒಂದೇ ಯಂತ್ರದಲ್ಲಿ ಇರಬಹುದಾಗಿತ್ತು. ಎರಡರಲ್ಲಿಯೂ ನಡೆಯುವ ಬ್ಯಾಕಪ್ ಸರ್ವರ್ ಒಂದೇ ಸಂಸ್ಥೆಯ ಒಂದೇ ಉತ್ಪನ್ನ. ಇಷ್ಟಾದರೂ ವಿಎಂ ಸರ್ವರಿನ ಖಾತೆಯನ್ನು ಎಂವಿಎಸ್ ಸರ್ವರ್ ಹಾಗೆಯೇ ತನ್ನದಾಗಿಸಿಕೊಳ್ಳಲಾರದು. ಖಾತೆಯ ಬ್ಯಾಕಪ್ಪನ್ನು ಅದು ಯಾವ ಬಗೆಯ ವ್ಯವಸ್ಥೆಯ ಮೇಲೆ ಆಯಿತೋ ಅದೇ ಬಗೆಯ ವ್ಯವಸ್ಥೆಯ ಮೇಲೆ ಮಾತ್ರ ಪುನಃಸ್ಥಾಪಿಸಬಹುದೆಂಬುದು ಈ ಸರ್ವರಿನ ಕಟ್ಟಳೆಯಾಗಿತ್ತು.

ಹಾಗಾದರೆ ಭೇದವಿರುವುದೆಲ್ಲಿ? ಭೇದವಿರುವುದು ಅಕ್ಷರದಲ್ಲಲ್ಲ, ವಿನ್ಯಾಸದಲ್ಲಿ. ವಿಎಂ ವ್ಯವಸ್ಥೆಯಲ್ಲಿ ಡಿಸ್ಕನ್ನು ಮಿನಿಡಿಸ್ಕುಗಳೆಂಬ ಹೋಳುಗಳಾಗಿ ಹಂಚಿ ಒಂದೊಂದನ್ನು ಒಂದೊಂದು ಕಲ್ಪಿತ ಯಂತ್ರಕ್ಕೆ ಒಪ್ಪಿಸುತ್ತಾರೆ. ಸಿಎಂಎಸ್ ಕಡತದ ಹೆಸರು ಎಂಟೆಂಟು ಅಕ್ಷರಗಳ ಎರಡು ಭಾಗಗಳಿಂದಲೂ ಡಿಸ್ಕನ್ನು ಸೂಚಿಸುವ ಕಿರುಗುರುತಿನಿಂದಲೂ ಕೂಡಿರುತ್ತದೆ. ಎಂವಿಎಸ್‌ನಲ್ಲಿಯಾದರೋ ಕಡತದ ಹೆಸರು ಚುಕ್ಕೆಗಳಿಂದ ಬೇರ್ಪಟ್ಟ ಭಾಗಗಳುಳ್ಳ, ೪೪ ಅಕ್ಷರಗಳವರೆಗೆ ಬೆಳೆಯಬಲ್ಲ ಉದ್ದನೆಯ ನಾಮಾವಳಿ. ಅದು ಕೇಂದ್ರಸೂಚಿಯಲ್ಲಿ ದಾಖಲಾಗುತ್ತದೆ. ಅಲ್ಲಿ ಈ ಸರ್ವರಿನ ಖಾತೆ ವಿಸ್ಯಾಮ್ ಎಂಬ ಪದ್ಧತಿಯ ಕಡತಗಳಲ್ಲಿ ನೆಲೆಸುತ್ತದೆ. ಖಾತೆಯ ಒಳಗಿನ ಉಲ್ಲೇಖಗಳೆಲ್ಲ ತಾನು ನೆಲೆಸಿದ ವ್ಯವಸ್ಥೆಯನ್ನು ನಂಬಿಕೊಂಡೇ ಬರೆದವು. ಟೇಪನ್ನು ಯಂತ್ರಕ್ಕೇರಿಸುವಂತೆ ಯಾರನ್ನು ಕೇಳಬೇಕು, ಆ ಟೇಪಿನ ಒಡೆತನ ಯಾರದು, ಅದು ಮರುಬಳಕೆಗೆ ಅರ್ಹವೇ ಎಂಬ ಪ್ರಶ್ನೆಗಳಿಗೆ ಎರಡು ವ್ಯವಸ್ಥೆಗಳಲ್ಲಿ ಬೇರೆಬೇರೆ ಉತ್ತರಗಳಿವೆ.

ಟೇಪಿನ ತಲೆಬರಹವೊಂದೇ ಸಾಕ್ಷಿ. ಐಬಿಎಂ ಪ್ರಮಾಣದ ಟೇಪಿನ ಆರಂಭದಲ್ಲಿ ೮೦ ಅಕ್ಷರಗಳ ಪಟ್ಟಿಗಳಿರುತ್ತವೆ. ಮೊದಲನೆಯದರಲ್ಲಿ ಟೇಪಿನ ೬ ಅಕ್ಷರಗಳ ಕ್ರಮಸಂಖ್ಯೆ, ಮುಂದಿನದರಲ್ಲಿ ಕಡತದ ಹೆಸರು. ಈ ಹೆಸರಿಗೆ ದೊರೆಯುವ ಸ್ಥಳ ೧೭ ಅಕ್ಷರಗಳು ಮಾತ್ರ. ಎಂವಿಎಸ್‌ನ ೪೪ ಅಕ್ಷರಗಳ ಹೆಸರಿನ ಕೊನೆಯ ೧೭ ಅಕ್ಷರಗಳಷ್ಟೇ ಟೇಪಿನ ಮೇಲೆ ಬರುತ್ತವೆ. ಪೂರ್ಣನಾಮ ಸೂಚಿಯಲ್ಲಿ ಉಳಿಯುತ್ತದೆ. ಆದುದರಿಂದ ಟೇಪು ತನ್ನ ಪರಿಚಯವನ್ನು ತಾನೇ ಪೂರ್ತಿಯಾಗಿ ಹೇಳಿಕೊಳ್ಳಲಾರದು. ತನ್ನನ್ನು ಬಲ್ಲವರು ಬೇರೆಲ್ಲೋ ಇದ್ದಾರೆಂಬ ಭರವಸೆಯ ಮೇಲೆ ಅದು ನಿಂತಿದೆ.

೫

ಈ ತೊಡಕನ್ನು ಬಿಡಿಸಲು ಸರ್ವರಿನ ನಿರ್ಮಾಪಕರು ಕಂಡುಕೊಂಡ ಉಪಾಯವೇ ನಿರ್ಯಾತ ಮತ್ತು ಆಯಾತ. ಹಳೆಯ ಸರ್ವರ್ ತನ್ನ ಖಾತೆಯನ್ನು ತನ್ನ ಸ್ವಂತ ವಿನ್ಯಾಸದಲ್ಲಿ ಕೊಡದೆ, ಎರಡು ವ್ಯವಸ್ಥೆಗಳಿಗೂ ಸಾಮಾನ್ಯವಾದ ಮೂರನೆಯ ರೂಪದಲ್ಲಿ ಟೇಪಿಗೆ ಬರೆಯುತ್ತದೆ. ಮೊದಲು ನಿರ್ವಾಹಕರ ಹೆಸರುಗಳು; ಅನಂತರ ನಿಯಮಗಳು, ಎಂದರೆ ಎಷ್ಟು ಆವೃತ್ತಿಗಳನ್ನು ಎಷ್ಟು ದಿನ ಇಡಬೇಕೆಂಬ ಕಟ್ಟಳೆಗಳು ಹಾಗೂ ವೇಳಾಪಟ್ಟಿಗಳು; ಅನಂತರ ಸರ್ವರಿನ ಆಶ್ರಯದಲ್ಲಿರುವ ಯಂತ್ರಗಳ ವಿವರ; ಕೊನೆಗೆ, ಬಯಸಿದಲ್ಲಿ, ಕಡತಗಳು. ಹೊಸ ಸರ್ವರ್ ಈ ಟೇಪುಗಳನ್ನು ಓದಿ ತನ್ನ ಖಾತೆಯನ್ನು ತನ್ನ ಪದ್ಧತಿಯಂತೆ ಹೊಸದಾಗಿ ಬರೆದುಕೊಳ್ಳುತ್ತದೆ. ಸಾಗಿಸುವ ಮೊದಲು ಬರಿಯ ಪೂರ್ವನೋಟವನ್ನು ಬೇಡಿ, ಎಷ್ಟು ಕಡತಗಳು, ಎಷ್ಟು ಪರಿಮಾಣ ಎಂಬ ಲೆಕ್ಕವನ್ನು ಪಡೆಯುವುದಕ್ಕೂ ಅವಕಾಶವಿತ್ತು.

ಇಲ್ಲಿ ವಿದ್ಯಾರ್ಥಿಗಳು ಗಮನಿಸತಕ್ಕ ಅಂಶವೊಂದುಂಟು. ಕಣಜದಲ್ಲಿದ್ದ ಟೇಪುಗಳನ್ನು ಕೈಗಾಡಿಯಲ್ಲಿ ಹೇರಿ ಪಕ್ಕದ ಕೋಣೆಗೆ ಒಯ್ದರೆ ಕೆಲಸವಾಗಲಿಲ್ಲ. ಪ್ರತಿಯೊಂದು ಕಡತವನ್ನೂ ಹಳೆಯ ಟೇಪಿನಿಂದ ಓದಿ, ನಿರ್ಯಾತದ ಟೇಪಿಗೆ ಬರೆದು, ಅಲ್ಲಿಂದ ಮತ್ತೆ ಓದಿ ಹೊಸ ಕಣಜಕ್ಕೆ ಬರೆಯಬೇಕಾಯಿತು. ಒಂದು ಯಂತ್ರದ ಕಡತಗಳು ಅನೇಕ ಟೇಪುಗಳಲ್ಲಿ ಚೆದುರಿದ್ದುದರಿಂದ ಅದೇ ಟೇಪನ್ನು ಮತ್ತೆ ಮತ್ತೆ ಏರಿಸಿ ಇಳಿಸಬೇಕಾಗುತ್ತಿತ್ತು. ೧೯೮೪ರಲ್ಲಿ ಬಂದ ೩೪೮೦ ಮಾದರಿಯ ಟೇಪು ಕಾರ್ಟ್ರಿಜ್ಜಿನಲ್ಲಿ ೨೦೦ ಮೆಗಾಬೈಟುಗಳು ಹಿಡಿಯುತ್ತಿದ್ದುವು. ಒಂದು ಸಂಸ್ಥೆಯ ಕಣಜ ೧೦೦ ಗಿಗಾಬೈಟುಗಳಷ್ಟಿತ್ತೆಂದು ಭಾವಿಸೋಣ. ಅಂತಹ ಕಾರ್ಟ್ರಿಜ್ಜುಗಳು ಸುಮಾರು ೫೦೦ ಬೇಕು. ನಿರ್ಯಾತಕ್ಕಾಗಿ ಮತ್ತೆ ಅಷ್ಟೇ, ಹೊಸ ಕಣಜಕ್ಕೆ ಇನ್ನೊಮ್ಮೆ ಅಷ್ಟೇ. ೧೯೯೫ರಲ್ಲಿ ಬಂದ ೩೫೯೦ ಮಾದರಿಯ ಕಾರ್ಟ್ರಿಜ್ಜು ೧೦ ಗಿಗಾಬೈಟುಗಳನ್ನು ಹಿಡಿಯುತ್ತಿದ್ದುದರಿಂದ ಟೇಪುಗಳ ಸಂಖ್ಯೆ ಐವತ್ತರಲ್ಲೊಂದು ಪಾಲಿಗೆ ಇಳಿಯಿತಾದರೂ ಕಣಜಗಳೂ ಅದಕ್ಕನುಗುಣವಾಗಿ ಬೆಳೆದುದರಿಂದ ಶ್ರಮ ಕಡಿಮೆಯಾಗಲಿಲ್ಲ. ಅಲ್ಲದೆ ಈ ಅವಧಿಯಲ್ಲಿ ಪ್ರತಿರಾತ್ರಿಯ ಬ್ಯಾಕಪ್ ನಿಲ್ಲುವಂತಿರಲಿಲ್ಲ. ಹಳೆಯ ಸರ್ವರ್ ಒಂದು ಕೈಯಿಂದ ಹೊಸ ಕಡತಗಳನ್ನು ಸ್ವೀಕರಿಸುತ್ತ ಇನ್ನೊಂದು ಕೈಯಿಂದ ಇದ್ದುದನ್ನು ಕಳುಹಿಸಿಕೊಡಬೇಕಾಗಿತ್ತು. ಸಾಗಣೆ ಮುಗಿದ ಮೇಲೆ ಪ್ರತಿಯೊಂದು ಆಶ್ರಿತ ಯಂತ್ರಕ್ಕೂ ಸರ್ವರಿನ ಹೊಸ ವಿಳಾಸವನ್ನು ತಿಳಿಸುವ ಕೆಲಸ ಬೇರೆ. ಮುಂದಿನ ಆವೃತ್ತಿಗಳಲ್ಲಿ ಟೇಪಿನ ಮಧ್ಯಸ್ಥಿಕೆಯಿಲ್ಲದೆ ಒಂದು ಸರ್ವರಿನಿಂದ ಮತ್ತೊಂದಕ್ಕೆ ಜಾಲದ ಮೂಲಕವೇ ನಿರ್ಯಾತ ಮಾಡುವ ಸೌಕರ್ಯ ಬಂದು ಈ ಶ್ರಮ ಕೆಲಮಟ್ಟಿಗೆ ತಗ್ಗಿತು.

ಈ ಕಷ್ಟಗಳನ್ನು ತಪ್ಪಿಸುವ ಇನ್ನೊಂದು ದಾರಿಯೂ ಇತ್ತು. ಹಳೆಯದನ್ನು ಸಾಗಿಸುವ ಗೋಜಿಗೇ ಹೋಗದೆ, ಒಂದು ನಿಶ್ಚಿತ ದಿನದಿಂದ ಎಲ್ಲ ಯಂತ್ರಗಳೂ ಹೊಸ ಸರ್ವರಿಗೆ ಹೊಸದಾಗಿ ಕಡತಗಳನ್ನು ಕಳುಹಿಸುವಂತೆ ಮಾಡುವುದು. ಹಳೆಯ ಸರ್ವರನ್ನು ಅದರಲ್ಲಿರುವ ಪ್ರತಿಗಳ ಅವಧಿ ತೀರುವವರೆಗೆ ಹಾಗೆಯೇ ಇರಗೊಟ್ಟು ಆಮೇಲೆ ಮುಚ್ಚುವುದು. ಅಲ್ಪಾವಧಿಯ ಬ್ಯಾಕಪ್‌ಗಳಿಗೆ ಇದು ಯುಕ್ತವಾದ ಮಾರ್ಗ. ದೀರ್ಘಕಾಲ ಉಳಿಯಬೇಕಾದ ಸಂಗ್ರಹಗಳಿಗೆ ಮಾತ್ರ ಇದು ಸಲ್ಲುವುದಿಲ್ಲ. ಹತ್ತು ವರ್ಷ ಕಾಯ್ದಿಡಬೇಕಾದ ಲೆಕ್ಕಪತ್ರಕ್ಕಾಗಿ ಹತ್ತು ವರ್ಷ ಹಳೆಯ ಕಾರ್ಯಾಚರಣ ವ್ಯವಸ್ಥೆಯನ್ನೂ ಅದನ್ನು ಬಲ್ಲವರನ್ನೂ ಸಾಕಬೇಕಾಗುತ್ತದೆ. ಆದುದರಿಂದ ಯಾವುದನ್ನು ಸಾಗಿಸಬೇಕು, ಯಾವುದು ಅಲ್ಲಿಯೇ ಅಳಿಯಲಿ ಎಂಬ ನಿರ್ಣಯ ಅನಿವಾರ್ಯವಾಯಿತು. ಮುಂದಿನ ಕಾಲಕ್ಕೆ ಯಾವ ಆಧಾರ ಉಳಿಯಬೇಕೆಂಬ ಈ ನಿರ್ಣಯವನ್ನು ಸಾಮಾನ್ಯವಾಗಿ ಯಂತ್ರಶಾಲೆಯ ಸಿಬ್ಬಂದಿಯೇ ಖರ್ಚುವೆಚ್ಚಗಳ ದೃಷ್ಟಿಯಿಂದ ಮಾಡಬೇಕಾಗುತ್ತಿತ್ತೆಂಬುದು ಇತಿಹಾಸಕಾರರು ಮರೆಯಬಾರದ ಸಂಗತಿ.

೬

ಸಾಗಣೆಯಲ್ಲಿ ಕಾಲದ ಪ್ರಶ್ನೆ ಎಲ್ಲಕ್ಕಿಂತ ಸ್ವಾರಸ್ಯವಾದುದು. ಈ ಸರ್ವರಿನೊಡನೆ ಬರುತ್ತಿದ್ದ ಮೂಲ ಕಟ್ಟಳೆಯಂತೆ, ಯಂತ್ರದಲ್ಲಿ ಜೀವಂತವಾಗಿರುವ ಕಡತಕ್ಕೆ ೨ ಆವೃತ್ತಿಗಳು. ಯಂತ್ರದಿಂದ ಅಳಿಸಿಹೋದ ಕಡತಕ್ಕೆ ೧ ಆವೃತ್ತಿ, ಅದೂ ೬೦ ದಿನಗಳವರೆಗೆ. ಈಗ ಒಂದು ಕಡತ ಅಳಿಸಿಹೋದ ದಿನವೇ ನಿರ್ಯಾತ ನಡೆಯಿತೆಂದೂ, ಹೊಸ ವ್ಯವಸ್ಥೆ ಸಿದ್ಧವಾಗದೆ ಆ ಟೇಪು ೪೦ ದಿನ ಕಪಾಟಿನಲ್ಲಿ ಕುಳಿತಿತ್ತೆಂದೂ ಭಾವಿಸೋಣ. ಆಯಾತದ ಹೊತ್ತಿಗೆ ಆ ಕಡತಕ್ಕೆ ಉಳಿದಿರುವ ಆಯುಷ್ಯ ೨೦ ದಿನವೋ ೬೦ ದಿನವೋ?

ನಿರ್ಮಾಪಕರು ಎರಡು ಉತ್ತರಗಳನ್ನೂ ಒದಗಿಸಿದರು. ತೇದಿಗಳನ್ನು ಇದ್ದಂತೆಯೇ ಉಳಿಸಿಕೊಳ್ಳುವುದು ಒಂದು ಕ್ರಮ. ಆಗ ಉಳಿಯುವುದು ೨೦ ದಿನ. ನಿರ್ಯಾತಕ್ಕೂ ಆಯಾತಕ್ಕೂ ನಡುವೆ ಕಳೆದಷ್ಟು ಕಾಲವನ್ನು ತೇದಿಗಳಿಗೆ ಕೂಡಿಸಿ ಮುಂದೂಡುವುದು ಇನ್ನೊಂದು ಕ್ರಮ; ಆಗ ೬೦ ದಿನವೂ ಉಳಿಯುತ್ತದೆ. ಮೊದಲ ಕ್ರಮದಲ್ಲಿ ತೇದಿ ಸತ್ಯವಾದುದು; ಆದರೆ ಸಾಗಣೆ ಬಹಳ ತಡವಾದರೆ ಕಡತ ಹೊಸ ಮನೆಗೆ ಬಂದೊಡನೆಯೇ ಅವಧಿ ತೀರಿದುದೆಂದು ಅಳಿದುಹೋಗಬಹುದು. ಎರಡನೆಯ ಕ್ರಮದಲ್ಲಿ ಕಡತ ಉಳಿಯುತ್ತದೆ. ಆದರೆ ಅದು ಸರ್ವರಿಗೆ ಬಂದ ತೇದಿ ಸತ್ಯವಾದುದಲ್ಲ. ಮಾರ್ಚ್ ತಿಂಗಳಲ್ಲಿ ಬಂದ ಪ್ರತಿ ಏಪ್ರಿಲ್‌ನಲ್ಲಿ ಬಂದುದೆಂದು ಖಾತೆ ಹೇಳುತ್ತದೆ. ಕಡತದ ಒಳಗಿನ ಒಂದು ಅಕ್ಷರವೂ ಬದಲಾಗದೆ ಅದರ ಕಾಲ ಬದಲಾಗುವುದೆಂದರೆ ಇದೇ. ನಕಲಿನಲ್ಲಿ ಪಾಠಾಂತರವಿಲ್ಲವೆಂಬ ನಂಬಿಕೆಯನ್ನು ಈ ಒಂದು ನಿದರ್ಶನವೇ ಅಲ್ಲಾಡಿಸುತ್ತದೆ.

ಬಿಟ್ಟುಹೋದುದರ ಕಡೆಗೂ ದೃಷ್ಟಿ ಹಾಯಿಸಬೇಕು. ನಿರ್ಯಾತದಲ್ಲಿ ಕಡತಗಳೂ ನಿಯಮಗಳೂ ಹೋದುವು. ಕಣಜದ ವಿಭಾಗಗಳ ವಿವರ, ಹಳೆಯ ಟೇಪುಗಳ ಪಟ್ಟಿ, ಸರ್ವರಿನ ಚಟುವಟಿಕೆಗಳ ದಿನಚರಿ ಇವು ಹೋಗಲಿಲ್ಲ. ಈ ದಿನಚರಿಯಲ್ಲಿ ಯಾವ ರಾತ್ರಿ ಯಾವ ಯಂತ್ರದ ಬ್ಯಾಕಪ್ ವಿಫಲವಾಯಿತು, ಯಾವ ನಿರ್ವಾಹಕ ಯಾವ ಆಜ್ಞೆ ಕೊಟ್ಟನು, ಯಾವ ಟೇಪಿನಲ್ಲಿ ದೋಷ ಕಂಡಿತು ಎಂಬುದೆಲ್ಲ ಇರುತ್ತದೆ. ದಿನನಿತ್ಯದ ಕೆಲಸಕ್ಕೆ ಇದು ಬೇಕಾಗಿಲ್ಲವೆಂಬುದು ನಿಜ. ಆದರೆ ಮುಂದೊಂದು ದಿನ ಒಬ್ಬನು, ಇಂತಹ ಕಡತ ಇಂತಹ ತಿಂಗಳಿನಲ್ಲಿ ಏಕೆ ಕಾಣುವುದಿಲ್ಲ, ಅದು ಇರಲೇ ಇಲ್ಲವೋ ಅಥವಾ ಆ ದಿನಗಳಲ್ಲಿ ಬ್ಯಾಕಪ್ಪೇ ನಡೆಯಲಿಲ್ಲವೋ ಎಂದು ಕೇಳಿದರೆ, ಉತ್ತರ ಹೇಳಬಲ್ಲುದು ಆ ದಿನಚರಿಯೊಂದೇ. ಕಡತ ಉಳಿಯಿತು; ಅದನ್ನು ಕಾಪಾಡಿದ ಕ್ರಮದ ಚರಿತ್ರೆ ಉಳಿಯಲಿಲ್ಲ. ಇಲ್ಲದಿರುವಿಕೆಯೂ ಒಂದು ಆಧಾರವಾಗಬಲ್ಲುದೆಂಬುದನ್ನು ಬಲ್ಲವರಿಗೆ ಈ ನಷ್ಟ ಅಲ್ಪವೆನಿಸದು.

೭

ಈ ಚರಿತ್ರೆಯ ಕೊನೆಯ ಘಟ್ಟ ೨೦೦೯ರಲ್ಲಿ ಮೊದಲಾಯಿತು. ಆ ವರ್ಷ ಬಂದ ಆರನೆಯ ಆವೃತ್ತಿಯಲ್ಲಿ ಖಾತೆಯ ಹಳೆಯ ವಿನ್ಯಾಸವನ್ನು ಕೈಬಿಟ್ಟು ಅದರ ಸ್ಥಾನದಲ್ಲಿ ಡಿಬಿ೨ ಎಂಬ ದತ್ತಸಂಚಯ ವ್ಯವಸ್ಥೆಯನ್ನು ಅಳವಡಿಸಿದರು. ಝೆಡ್/ಓಎಸ್ ಮೇಲೆ ನಡೆಯುವ ಸರ್ವರ್ ಈ ಆವೃತ್ತಿಗೆ ಮುಂದುವರಿಯಲಿಲ್ಲ. ಮೇನ್‌ಫ್ರೇಮಿನಲ್ಲಿ ಹುಟ್ಟಿದ ಸರ್ವರು ಹೀಗೆ ತನ್ನ ಹುಟ್ಟುಮನೆಯ ಹಳೆಯ ಕಾರ್ಯಾಚರಣ ವ್ಯವಸ್ಥೆಗಳನ್ನು ತೊರೆದಂತಾಯಿತು. ಐದನೆಯ ಆವೃತ್ತಿಯನ್ನು ಝೆಡ್/ಓಎಸ್ ಮೇಲೆ ನಡೆಸುತ್ತಿದ್ದ ಸಂಸ್ಥೆಗಳು ಎಐಎಕ್ಸ್, ಲಿನಕ್ಸ್ ಮೊದಲಾದ ಬೇರೆ ವ್ಯವಸ್ಥೆಗೆ ಹೋಗಬೇಕಾಯಿತು.

೨೦೧೧ರಲ್ಲಿ ಬಂದ ೬.೩ ಆವೃತ್ತಿ ಈ ಪ್ರಯಾಣಕ್ಕೆ ಒಂದು ಹೊಸ ದಾರಿಯನ್ನು ತೆರೆಯಿತು. ಆ ಏರ್ಪಾಡಿನಂತೆ ಖಾತೆ ಮಾತ್ರ ಎಐಎಕ್ಸ್‌ಗೋ ಮೇನ್‌ಫ್ರೇಮಿನ ಮೇಲೆಯೇ ನಡೆಯುವ ಲಿನಕ್ಸ್‌ಗೋ ಹೋಗುತ್ತದೆ. ಕಣಜ ಝೆಡ್/ಓಎಸ್ ಬಳಿಯೇ ನಿಲ್ಲುತ್ತದೆ. ಹೊಸ ಮನೆಯಲ್ಲಿರುವ ಸರ್ವರಿಗೆ ಹಳೆಯ ಟೇಪು ಬೇಕಾದಾಗ, ಝೆಡ್/ಓಎಸ್ ಮೇಲೆ ಇದಕ್ಕೆಂದೇ ಇರಿಸಿದ ಒಬ್ಬ ಕಾವಲುಗಾರನಂತಹ ಕ್ರಮವಿಧಿ ಅದನ್ನು ಯಂತ್ರಕ್ಕೇರಿಸಿ, ಓದಿ, ಜಾಲದ ಮೂಲಕ ಒಪ್ಪಿಸುತ್ತದೆ. ಸಾವಿರಾರು ಟೇಪುಗಳನ್ನು ಪುನಃ ಬರೆಯುವ ಶ್ರಮ ಇದರಿಂದ ತಪ್ಪಿತು.

ಹಿಂದಿನ ಸಾಗಣೆಗಳಲ್ಲಿ ಖಾತೆ, ಕಣಜ ಎರಡನ್ನೂ ಕಲಸಿ ಮೂರನೆಯ ರೂಪಕ್ಕೆ ತಂದು ಮತ್ತೆ ಬೇರ್ಪಡಿಸಬೇಕಾಗಿತ್ತು. ಇಲ್ಲಿ ಅವುಗಳ ಭೇದವನ್ನು ಮೊದಲೇ ಒಪ್ಪಿಕೊಂಡು, ಅರ್ಥವನ್ನು ಹೊತ್ತ ಭಾಗವನ್ನು ಮಾತ್ರ ಸಾಗಿಸಿದರು. ಸಂಗ್ರಹದ ಪ್ರಾಣ ಟೇಪಿನಲ್ಲಿಲ್ಲ, ಟೇಪನ್ನು ಬಲ್ಲ ಖಾತೆಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ದೊರೆಯಲಾರದು.

೮

ಮೇಲಿನ ವಿವೇಚನೆಯಿಂದ ಸಿದ್ಧವಾಗುವ ಅಂಶಗಳು ಇಷ್ಟು. ಯಂತ್ರದ ಏಕರೂಪತೆ ದಾಖಲೆಯ ಏಕರೂಪತೆಗೆ ಭರವಸೆಯಲ್ಲ. ೧೯೬೪ರ ಪ್ರತಿಜ್ಞೆ ಆಜ್ಞೆಗಳನ್ನು ಒಂದುಗೂಡಿಸಿತೇ ಹೊರತು ಆಡಳಿತದ ಪದ್ಧತಿಗಳನ್ನು ಒಂದುಗೂಡಿಸಲಿಲ್ಲ. ಬ್ಯಾಕಪ್ ಎಂಬುದು ಬರಿಯ ಅಕ್ಷರರಾಶಿಯಲ್ಲ. ಕಡತ, ಸೂಚಿ, ತೇದಿ, ನಿಯಮ ಈ ನಾಲ್ಕರ ಸಂಬಂಧವೇ ಬ್ಯಾಕಪ್. ಒಂದು ವ್ಯವಸ್ಥೆಯಿಂದ ಮತ್ತೊಂದಕ್ಕೆ ದಾಟುವಾಗ ಈ ಸಂಬಂಧವನ್ನು ಹೊಸದಾಗಿ ಬರೆಯಬೇಕಾಗುತ್ತದೆ. ಬರೆಯುವವನು ಮಾಡುವ ಆಯ್ಕೆಗಳು ಅದರಲ್ಲಿ ಸೇರಿಕೊಳ್ಳುತ್ತವೆ.

ಇಂದು ನಮ್ಮ ಕಾಲೇಜುಗಳ ದಾಖಲಾತಿ ಪುಸ್ತಕಗಳು, ಪರೀಕ್ಷೆಯ ಅಂಕಪಟ್ಟಿಗಳು, ಗ್ರಂಥಾಲಯದ ಸೂಚಿಗಳು ಎಲ್ಲವೂ ಕಂಪ್ಯೂಟರನ್ನು ಸೇರಿವೆ. ಅವೂ ಕೆಲವು ವರ್ಷಗಳಿಗೊಮ್ಮೆ ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ದಾಟುತ್ತಲೇ ಇರುತ್ತವೆ. ಹಾಗೆ ದಾಟುವಾಗ ಎಲ್ಲವೂ ಸುರಕ್ಷಿತವಾಗಿ ಬಂದಿತೇ ಎಂದು ಮಾತ್ರ ಕೇಳಿದರೆ ಸಾಲದು. ಯಾವುದನ್ನು ತರಲಿಲ್ಲ, ತೇದಿಗಳನ್ನು ಹೇಗೆ ನಡೆಸಿಕೊಂಡಿರಿ, ಹಳೆಯ ದಿನಚರಿ ಎಲ್ಲಿದೆ ಎಂಬ ಮೂರು ಪ್ರಶ್ನೆಗಳನ್ನಾದರೂ ಕೇಳಿ, ದೊರೆತ ಉತ್ತರಗಳನ್ನು ಬರೆಹದಲ್ಲಿ ಪಡೆದು, ದಾಖಲೆಗಳ ಜೊತೆಯಲ್ಲಿಯೇ ಇರಿಸುವುದು ಯುಕ್ತ. ಈ ಒಂದು ಹಾಳೆಯ ಬರೆಹ ಇಲ್ಲದೆ ಹೋದರೆ, ಐವತ್ತು ವರ್ಷಗಳ ಅನಂತರ ನಮ್ಮ ಕಾಲವನ್ನು ಕುರಿತು ಬರೆಯಹೊರಟ ವಿದ್ಯಾರ್ಥಿಯು ತನ್ನ ಮುಂದಿರುವ ತೇದಿ ಘಟನೆಯದೋ ಸಾಗಣೆಯದೋ ಎಂಬುದನ್ನು ತಿಳಿಯುವ ಉಪಾಯವಿಲ್ಲದೆ ಕೂಡಬೇಕಾಗುವುದು.